ಶಾಲೆಗೊಂದು ಕ್ಯಾಮೆರಾ: ಯಾವುದನ್ನು ಕೊಳ್ಳೋಣ?

ಮಕ್ಕಳೇ, ಹೀಗೊಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ನೀವು ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದ ಶಾಲೆಯೊಂದರಲ್ಲಿ ಏಳನೇ ತರಗತಿ ಓದುತ್ತಿದ್ದೀರಿ. ಊರಿನ ಗಿಡಮರ, ಹಕ್ಕಿ, ಹಳೆಯ ಕಟ್ಟಡಗಳ ಚಿತ್ರ ತೆಗೆದು ಗೋಡೆಪತ್ರಿಕೆ ಮಾಡಬೇಕೆಂದು ನಿಮ್ಮ ವಿಜ್ಞಾನ ಸಂಘದ ಆಸೆ. ಊರಿನ ಹಿರಿಯರು ಸೇರಿ ಒಂದು ಡಿಜಿಟಲ್ ಕ್ಯಾಮೆರಾಕ್ಕೆಂದು ಸ್ವಲ್ಪ ಹಣ ಒಟ್ಟುಮಾಡಿ ಕೊಟ್ಟಿದ್ದಾರೆ. ಇಂಥ ಹಣ ವರ್ಷವರ್ಷವೂ ಸಿಗುವುದಿಲ್ಲ. ತಪ್ಪು ಕ್ಯಾಮೆರಾ ತಂದರೆ ಅದು ಬೀರುವಿನಲ್ಲೇ ಉಳಿದೀತು!

ಹಾಗಾದರೆ ಅಂಗಡಿಗೆ ಹೋಗುವ ಮೊದಲು ಏನು ಮಾಡಬೇಕು? ಒಂದು ಹಾಳೆ ತೆಗೆದುಕೊಂಡು, ನೀವು ತೆಗೆಯಬೇಕೆಂದಿರುವ ಚಿತ್ರಗಳ ಪಟ್ಟಿ ಬರೆಯಿರಿ. ನಮ್ಮ ಪಟ್ಟಿ ಹೀಗಿರಲಿ:

1. ಸಂತೇಬೆನ್ನೂರಿನ ಪುಷ್ಕರಣಿ, ನೀರಿನ ನಡುವಿನ ಮಂಟಪದೊಂದಿಗೆ.
2. ಶಾಲೆಯ ಕೈತೋಟದ ಎಲೆ, ಹೂವು, ಕೀಟಗಳು.
3. ಮಂದ ಬೆಳಕಿನ ಕೊಠಡಿಯಲ್ಲಿ ಮಕ್ಕಳು ಪ್ರಯೋಗ ಮಾಡುತ್ತಿರುವುದು.
4. ಶಾಂತಿಸಾಗರದ (ಸೂಳೆಕೆರೆಯ) ದಡದಲ್ಲಿ ಕುಳಿತ ಮಿಂಚುಳ್ಳಿ.

ಈ ಪಟ್ಟಿಯೇ ನಮಗೆ ದಾರಿ ತೋರಿಸುತ್ತದೆ. ಹೇಗೆ ಎಂದು ನೋಡೋಣ.

ಮೆಗಾಪಿಕ್ಸೆಲ್ ಎಷ್ಟು ಬೇಕು?

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವ ಮಾತು ಮೆಗಾಪಿಕ್ಸೆಲ್. ಡಿಜಿಟಲ್ ಚಿತ್ರವು ಸಾಲುಸಾಲಾಗಿ ಜೋಡಿಸಿದ ಸಣ್ಣ ಸಣ್ಣ ಚುಕ್ಕೆಗಳಿಂದ ಆಗಿದೆ. ಒಂದೊಂದು ಚುಕ್ಕೆಯೂ ಒಂದು ಪಿಕ್ಸೆಲ್. ಹತ್ತು ಲಕ್ಷ ಪಿಕ್ಸೆಲ್‌ಗಳು ಸೇರಿದರೆ ಒಂದು ಮೆಗಾಪಿಕ್ಸೆಲ್.

ಒಂದು ಲೆಕ್ಕ ಮಾಡೋಣ. ಚೆನ್ನಾಗಿ ಮುದ್ರಿಸಲು ಒಂದು ಅಂಗುಲಕ್ಕೆ 300 ಚುಕ್ಕೆಗಳು ಸಾಕು. 6 ಅಂಗುಲ ಉದ್ದ, 4 ಅಂಗುಲ ಅಗಲದ ಫೋಟೋಕ್ಕೆ ಬೇಕಾಗುವುದು 1800 × 1200, ಅಂದರೆ 21 ಲಕ್ಷದ 60 ಸಾವಿರ ಚುಕ್ಕೆಗಳು. ಇದು ಎರಡು ಮೆಗಾಪಿಕ್ಸೆಲ್‌ಗಿಂತ ತುಸು ಹೆಚ್ಚು, ಅಷ್ಟೇ! ಎ4 ಅಳತೆಯ ಇಡೀ ಹಾಳೆಗೆ ಸುಮಾರು 9 ಮೆಗಾಪಿಕ್ಸೆಲ್ ಸಾಕು. ಹತ್ತು ಹದಿನೈದು ವರ್ಷ ಹಳೆಯ ಕ್ಯಾಮೆರಾಗಳಲ್ಲೂ ಇಷ್ಟು ಇರುತ್ತದೆ. ಆದ್ದರಿಂದ ಗೋಡೆಪತ್ರಿಕೆಗಾಗಿ 50 ಮೆಗಾಪಿಕ್ಸೆಲ್‌ಗೆ ಹಣ ಕೊಡಬೇಕಾಗಿಲ್ಲ.

ಬೆಳಕನ್ನು ಹಿಡಿಯುವ ಪಾತ್ರೆ

ಕ್ಯಾಮೆರಾದ ಒಳಗೆ ಬೆಳಕು ಬಂದು ಬೀಳುವ ಒಂದು ಪುಟ್ಟ ಫಲಕವಿದೆ. ಅದೇ ಸೆನ್ಸರ್. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟ, ಒಂದು ಅಗಲವಾದ ತಟ್ಟೆ ಇಟ್ಟರೆ ಯಾವುದರ ಮೇಲೆ ಹೆಚ್ಚು ಹನಿಗಳು ಬೀಳುತ್ತವೆ? ತಟ್ಟೆಯ ಮೇಲೆ ಅಲ್ಲವೇ? ಸೆನ್ಸರ್ ಕೂಡ ಹಾಗೆಯೇ. ದೊಡ್ಡದಾದಷ್ಟೂ ಹೆಚ್ಚು ಬೆಳಕು ಹಿಡಿಯುತ್ತದೆ. ಬೆಳಕು ಸಾಲದಿದ್ದರೆ ಚಿತ್ರದ ತುಂಬ ಮರಳು ಎರಚಿದಂತೆ ಬೇಡದ ಚುಕ್ಕೆಗಳು ಕಾಣುತ್ತವೆ.

ಜೇಬಿನಲ್ಲಿ ಹಿಡಿಸುವ ಸಾಮಾನ್ಯ ಕ್ಯಾಮೆರಾಗಳ ಸೆನ್ಸರ್ ಸುಮಾರು 6 ಮಿ.ಮೀ. ಅಗಲ, 4.5 ಮಿ.ಮೀ. ಎತ್ತರ ಇರುತ್ತದೆ. ಲೆನ್ಸ್ ಬದಲಿಸಬಹುದಾದ, ಎಪಿಎಸ್-ಸಿ ಎಂಬ ಬಗೆಯ ಕ್ಯಾಮೆರಾಗಳಲ್ಲಿ ಅದು ಸುಮಾರು 24 ಮಿ.ಮೀ. ಅಗಲ, 16 ಮಿ.ಮೀ. ಎತ್ತರ. ಎರಡರ ವಿಸ್ತೀರ್ಣವನ್ನೂ ನೀವೇ ಲೆಕ್ಕ ಹಾಕಿ. ಎರಡನೆಯದು ಹದಿನಾಲ್ಕು ಪಟ್ಟು ದೊಡ್ಡದು! ಪಿಕ್ಸೆಲ್‌ಗಳ ಸಂಖ್ಯೆ ಒಂದೇ ಆಗಿದ್ದರೂ ಮಂದ ಬೆಳಕಿನಲ್ಲಿ ದೊಡ್ಡ ಸೆನ್ಸರಿನ ಚಿತ್ರ ಸ್ವಚ್ಛವಾಗಿ ಬರಲು ಇದೇ ಕಾರಣ.

ಲೆನ್ಸಿನ ಮೇಲಿನ ಎರಡು ಸಂಖ್ಯೆಗಳು

ಲೆನ್ಸಿನ ಅಂಚಿನಲ್ಲಿ ಎರಡು ಸಂಖ್ಯೆಗಳು ಬರೆದಿರುತ್ತವೆ. ಇವನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಮಿಲಿಮೀಟರಿನಲ್ಲಿರುವ ಸಂಖ್ಯೆ ಸಂಗಮ ದೂರ. ಪೀನ ಮಸೂರದ ಪಾಠದಲ್ಲಿ ಬರುವ ಸಂಗಮ ದೂರವೇ ಇದು. ಇದು ಕಡಿಮೆಯಿದ್ದರೆ ವಿಶಾಲವಾದ ನೋಟ ಚಿತ್ರದೊಳಗೆ ಹಿಡಿಸುತ್ತದೆ. ಹೆಚ್ಚಿದ್ದರೆ ದೂರದ ಒಂದು ಸಣ್ಣ ಭಾಗ ಮಾತ್ರ ದೊಡ್ಡದಾಗಿ ಬರುತ್ತದೆ. 18-55 ಎಂದು ಬರೆದಿದ್ದರೆ 18ರಿಂದ 55 ಮಿ.ಮೀ.ವರೆಗೆ ಬದಲಿಸಬಹುದು ಎಂದರ್ಥ. ಕ್ಯಾಮೆರಾ ಕೊಂಡಾಗ ಜೊತೆಗೆ ಸಾಮಾನ್ಯವಾಗಿ ಬರುವುದು ಇಂಥ ಲೆನ್ಸೇ.

ಎರಡನೆಯದು ಎಫ್ ಸಂಖ್ಯೆ. ಸಂಗಮ ದೂರವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಬರುವ ಕಿಂಡಿಯ ವ್ಯಾಸ ಸಿಗುತ್ತದೆ. 50 ಮಿ.ಮೀ. ಲೆನ್ಸಿನಲ್ಲಿ ಎಫ್ 5.6 ಇಟ್ಟರೆ ಕಿಂಡಿಯ ವ್ಯಾಸ ಸುಮಾರು 9 ಮಿ.ಮೀ. ಎಫ್ 1.8 ಇಟ್ಟರೆ ಸುಮಾರು 28 ಮಿ.ಮೀ. ಸಂಖ್ಯೆ ಚಿಕ್ಕದು, ಕಿಂಡಿ ದೊಡ್ಡದು! ವ್ಯಾಸ ಮೂರು ಪಟ್ಟು ಹೆಚ್ಚಿದಾಗ ವೃತ್ತದ ವಿಸ್ತೀರ್ಣ ಒಂಬತ್ತು ಪಟ್ಟು ಹೆಚ್ಚುತ್ತದೆ. ಇಲ್ಲಿ ಒಳಬರುವ ಬೆಳಕು ಸುಮಾರು ಒಂಬತ್ತೂವರೆ ಪಟ್ಟು.

ಇದರಿಂದ ನಮಗೇನು ಲಾಭ? ಮಂದ ಬೆಳಕಿನ ಕೊಠಡಿಯಲ್ಲಿ ಎಫ್ 5.6ಕ್ಕೆ ಸೆಕೆಂಡಿನ 20ನೇ ಒಂದು ಭಾಗದಷ್ಟು ಹೊತ್ತು ಬೆಳಕು ಬೇಕೆನ್ನಿ. ಅಷ್ಟರಲ್ಲಿ ಮಗುವಿನ ಕೈ ಅಲುಗಿ ಚಿತ್ರ ಮಸುಕಾಗುತ್ತದೆ. ಎಫ್ 1.8ಕ್ಕೆ ಸೆಕೆಂಡಿನ ಸುಮಾರು 190ನೇ ಒಂದು ಭಾಗ ಸಾಕು. ಕೈ ಅಲುಗುವ ಮೊದಲೇ ಚಿತ್ರ ಮುಗಿದಿರುತ್ತದೆ! 50 ಮಿ.ಮೀ., ಎಫ್ 1.8 ಲೆನ್ಸ್‌ಗಳ ರಚನೆ ಸರಳ. ಅದಕ್ಕೇ ಅವು ಅಗ್ಗದ ಲೆನ್ಸ್‌ಗಳ ಸಾಲಿನಲ್ಲಿ ಸೇರಿವೆ.

ಮಾಡಿ ನೋಡಿ: ಲೆನ್ಸ್ ಇಲ್ಲದೆ ಲೆನ್ಸಿನ ಪರೀಕ್ಷೆ

ಬೇಕಾಗುವ ವಸ್ತುಗಳು: ಹಳೆಯ ರಟ್ಟು, ಕತ್ತರಿ, ಅಳತೆಪಟ್ಟಿ.

ರಟ್ಟಿನಲ್ಲಿ 48 ಮಿ.ಮೀ. ಅಗಲ, 32 ಮಿ.ಮೀ. ಎತ್ತರದ ಕಿಟಕಿ ಕತ್ತರಿಸಿ. ಇದು ಎಪಿಎಸ್-ಸಿ ಸೆನ್ಸರಿನ ಎರಡರಷ್ಟು ಅಳತೆ. ಹಾಗಾಗಿ ಲೆನ್ಸಿನ ಸಂಗಮ ದೂರದ ಎರಡರಷ್ಟು ದೂರದಲ್ಲಿ ರಟ್ಟನ್ನು ಹಿಡಿಯಬೇಕು. ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣಿನಿಂದ ಸುಮಾರು 4 ಸೆಂ.ಮೀ. ದೂರದಲ್ಲಿ ರಟ್ಟನ್ನು ಹಿಡಿದರೆ ಕಿಟಕಿಯಲ್ಲಿ ಕಾಣುವುದು ಹೆಚ್ಚುಕಡಿಮೆ 18 ಮಿ.ಮೀ. ಲೆನ್ಸಿನ ನೋಟ. 10 ಸೆಂ.ಮೀ. ದೂರ ಹಿಡಿದರೆ 50 ಮಿ.ಮೀ. ಲೆನ್ಸಿನ ನೋಟ. ಗೆಳೆಯನೊಬ್ಬ 50 ಸೆಂ.ಮೀ. ಅಳೆದು ಹಿಡಿದರೆ 250 ಮಿ.ಮೀ. ಲೆನ್ಸಿನ ನೋಟ! ಪುಷ್ಕರಣಿಗೋ ಕೆರೆಗೋ ಹೋಗುವಾಗ ಈ ರಟ್ಟನ್ನು ಒಯ್ಯಿರಿ. ನಿಮ್ಮ ಚಿತ್ರಕ್ಕೆ ಯಾವ ಲೆನ್ಸ್ ಬೇಕೆಂದು ಕಾಸು ಖರ್ಚಿಲ್ಲದೆ ತಿಳಿಯುತ್ತದೆ. ನೀರಿನ ಅಂಚಿಗೆ ಹೋಗುವಾಗ ಶಿಕ್ಷಕರು ಜೊತೆಗಿರಲಿ.

ಲೆಕ್ಕದಿಂದಲೂ ಇದನ್ನು ತಿಳಿಯಬಹುದು. ಹತ್ತು ಮೀಟರ್ ದೂರದಲ್ಲಿ 18 ಮಿ.ಮೀ. ಲೆನ್ಸ್ 13 ಮೀಟರಿಗೂ ಹೆಚ್ಚು ಅಗಲದ ನೋಟವನ್ನು ಹಿಡಿಯುತ್ತದೆ. 50 ಮಿ.ಮೀ. ಲೆನ್ಸ್ 4.8 ಮೀಟರ್, 250 ಮಿ.ಮೀ. ಲೆನ್ಸ್ ಸುಮಾರು ಒಂದು ಮೀಟರ್. ಪುಟ್ಟ ಮಿಂಚುಳ್ಳಿಯ ಉದ್ದ ಸುಮಾರು 17 ಸೆಂ.ಮೀ. 250ರ ಲೆನ್ಸಿನಲ್ಲಿ ಅದು ಚಿತ್ರದ ಆರನೇ ಒಂದು ಭಾಗದಷ್ಟು ಉದ್ದವಾಗಿ ಕಾಣುತ್ತದೆ. 50ರ ಲೆನ್ಸಿನಲ್ಲಿ ಬರಿಯ ಒಂದು ಚುಕ್ಕೆ!

ಡಿಜಿಟಲ್ ಝೂಮ್ ಇದೆಯಲ್ಲ ಎನ್ನುತ್ತೀರಾ? ಅದು ತೆಗೆದ ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸುವುದು, ಅಷ್ಟೇ. ಹೊಸ ವಿವರವೇನೂ ಸೇರುವುದಿಲ್ಲ. ಗಾಜಿನ ಮಸೂರಗಳು ಸರಿದು ಆಗುವ ಆಪ್ಟಿಕಲ್ ಝೂಮ್ ಮಾತ್ರ ನಿಜವಾದ ಝೂಮ್.

ಈಗ ತೀರ್ಮಾನಿಸೋಣ

ಪಟ್ಟಿಗೆ ಮರಳೋಣ. ಪುಷ್ಕರಣಿಗೆ, ಕೈತೋಟದ ಎಲೆ ಹೂವುಗಳಿಗೆ 18-55 ಲೆನ್ಸ್ ಸಾಕು. ಕೊಠಡಿಯೊಳಗಿನ ಚಿತ್ರಕ್ಕೆ 50 ಮಿ.ಮೀ., ಎಫ್ 1.8 ಬೇಕು. ಮಿಂಚುಳ್ಳಿಗೆ 250 ಮಿ.ಮೀ. ಮುಟ್ಟುವ ಲೆನ್ಸ್ ಬೇಕು.

ಕಂಪನಿಗಳು ಈಗ ಕನ್ನಡಿಯಿಲ್ಲದ ಹೊಸ ಬಗೆಯ ಕ್ಯಾಮೆರಾಗಳ ಕಡೆ ಹೊರಳಿವೆ. ಆದ್ದರಿಂದ ಕನ್ನಡಿಯಿರುವ ಹಳೆಯ ಡಿಎಸ್‌ಎಲ್‌ಆರ್‌ಗಳು ಬಳಸಿದ ವಸ್ತುಗಳ ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಅಂಥದೊಂದನ್ನು 18-55ರ ಜೊತೆ ಕೊಂಡು, ಉಳಿದ ಹಣಕ್ಕೆ 50ರ ಲೆನ್ಸ್ ಕೊಳ್ಳುವುದು ಜಾಣತನ. ಹಕ್ಕಿಯ ಲೆನ್ಸ್ ಮುಂದಿನ ವರ್ಷಕ್ಕಿರಲಿ. ನಿಮ್ಮ ಪಟ್ಟಿಯಲ್ಲಿ ಮೊದಲ ಎರಡು ಚಿತ್ರಗಳಷ್ಟೇ ಇದ್ದರೆ? ಆಗ ಶಿಕ್ಷಕರ ಮೊಬೈಲ್ ಫೋನೇ ಸಾಕು. ಆ ಹಣದಲ್ಲಿ ಸೂಕ್ಷ್ಮದರ್ಶಕ ಕೊಳ್ಳಬಹುದು!

ಬಳಸಿದ ಕ್ಯಾಮೆರಾ ಕೊಳ್ಳುವಾಗ ಇವನ್ನು ಮರೆಯಬೇಡಿ:

• ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಬೂಷ್ಟು. ಕೊಳ್ಳಬೇಡಿ.
• ಬಿಳಿ ಗೋಡೆಯ ಚಿತ್ರ ತೆಗೆದು ಕಪ್ಪು ಕಲೆಗಳಿವೆಯೇ ನೋಡಿ.
• ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಹೊಸದು ಸಿಗುತ್ತದೆಯೇ ಎಂದು ವಿಚಾರಿಸಿ.
• ಬ್ಯಾಟರಿ, ಮೆಮೊರಿ ಕಾರ್ಡ್, ಚೀಲ ಇವುಗಳ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿ.

ಒಂದು ಎಚ್ಚರಿಕೆ: ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟು ಸೂರ್ಯನನ್ನು ಎಂದಿಗೂ ನೋಡಬೇಡಿ. ಕಣ್ಣಿಗೆ ಅಪಾಯ.

ನಿಮಗೆ ಗೊತ್ತೆ?

1975ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ತಯಾರಿಸಿದ ಡಿಜಿಟಲ್ ಕ್ಯಾಮೆರಾದ ತೂಕ ಸುಮಾರು 3.6 ಕಿಲೋಗ್ರಾಂ. ಅದರ ಚಿತ್ರದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕೆಗಳು ಮಾತ್ರ. ಒಂದು ಕಪ್ಪು-ಬಿಳುಪು ಚಿತ್ರ ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡ್ ಹಿಡಿಯುತ್ತಿತ್ತು!

ಫಿಲ್ಮ್ ಇದ್ದ ಕಾಲದಲ್ಲಿ ಒಂದು ಸುರುಳಿಯಲ್ಲಿ ಸಾಮಾನ್ಯವಾಗಿ 36 ಚಿತ್ರಗಳಷ್ಟೇ ಬರುತ್ತಿದ್ದವು. ಒಂದೊಂದು ತಪ್ಪಿಗೂ ದುಡ್ಡು ತೆರಬೇಕಿತ್ತು. ಮೂಡಿಗೆರೆಯ ತೋಟ ಕಾಡುಗಳಲ್ಲಿ ಹಕ್ಕಿಗಳ ಚಿತ್ರ ತೆಗೆದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಬಹುಕಾಲ ದುಡಿದದ್ದು ಅಂಥ ಫಿಲ್ಮಿನಲ್ಲೇ. ನಿಮಗಾದರೋ ತಪ್ಪು ಚಿತ್ರವನ್ನು ಅಳಿಸಿ ಮತ್ತೆ ತೆಗೆಯುವ ಅನುಕೂಲವಿದೆ. ಇಂದೇ ರಟ್ಟಿನ ಕಿಟಕಿ ಮಾಡಿಕೊಳ್ಳಿ, ನಿಮ್ಮ ಊರಿನ ಚಿತ್ರಗಳ ಪಟ್ಟಿ ಬರೆಯಿರಿ. ಯಾವ ಚಿತ್ರಕ್ಕೆ ಎಷ್ಟು ಮಿ.ಮೀ. ಲೆನ್ಸ್ ಬೇಕು ಎಂಬುದನ್ನು ಎದುರಿಗೆ ಗುರುತಿಸಿ ಶಿಕ್ಷಕರಿಗೆ ತೋರಿಸಿ.