ವಾರ್ಡ್ ಸಭೆಗೆ ನೀವೂ ಸದಸ್ಯರೇ

ನಿಮ್ಮ ಬೀದಿಯಲ್ಲಿ ಯಾರಿಗೆ ಮನೆ ಮಂಜೂರಾಗಬೇಕು? ಯಾವ ಚರಂಡಿ ಮೊದಲು ಆಗಬೇಕು? ಇದನ್ನು ಮೊದಲು ಹೇಳಬೇಕಾದವರು ನೀವೇ.

ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ವಾರ್ಡ್ ಸಭೆ, ಗ್ರಾಮ ಸಭೆ ಎರಡಕ್ಕೂ ಜಾಗ ಕೊಟ್ಟಿದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನೀವು ಸದಸ್ಯರು. ಆರು ತಿಂಗಳಿಗೊಮ್ಮೆಯಾದರೂ ಸಭೆ ನಡೆಯಲೇಬೇಕು.

ಸಭೆ ಎಲ್ಲಿ ಸೇರುತ್ತದೆ ಅನ್ನುವುದೂ ಮುಖ್ಯ. ದೇವಸ್ಥಾನದೊಳಗೆ ಕರೆದರೆ ಕೆಲವರು ಹೊರಗೇ ನಿಲ್ಲುತ್ತಾರೆ. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿ ನೋಡಿ: ಎಲ್ಲ ಕೇರಿಯವರೂ ಒಟ್ಟಿಗೆ ಕೂರುತ್ತಾರೆ. ಒಬ್ಬ ಅಜ್ಜಿಯ ಮನೆ ಸೋರುತ್ತಿದೆ ಅಂತ ಪಕ್ಕದ ಮನೆಯಾಕೆ ಎದ್ದು ಹೇಳುತ್ತಾಳೆ. "ಹೌದು, ಮನೆ ಪಟ್ಟಿಯಲ್ಲಿ ಮೊದಲು ಅವರ ಹೆಸರೇ ಬರಲಿ" ಅಂತ ಇನ್ನೊಬ್ಬರು ದನಿಗೂಡಿಸುತ್ತಾರೆ. ವರ್ಷಗಟ್ಟಲೆ ಮಾತು ಬಿಟ್ಟವರೂ ನೀರಿನ ವಿಷಯ ಬಂದಾಗ ಮುಖ ನೋಡಿ ಮಾತಾಡಲೇಬೇಕು. ಊರಿನ ನಂಟು ಗಟ್ಟಿಯಾಗುವುದು ಇಂಥ ಕಡೆಯೇ.

ನಮ್ಮ ರಾಜ್ಯದಲ್ಲಿ ಮಕ್ಕಳ ಗ್ರಾಮ ಸಭೆಯೂ ಇದೆ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಅಂತ ಒಬ್ಬ ಹುಡುಗಿ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದುರು ನಿಂತು ಕೇಳಬಹುದು. ದೊಡ್ಡವರು ಅವಳಿಂದ ಕಲಿಯಬೇಕು.

ಒಂದು ಎಚ್ಚರಿಕೆ. ಎಷ್ಟೋ ಕಡೆ ಸಭೆ ಕಾಗದದ ಮೇಲೆ ಮಾತ್ರ ಮುಗಿದುಹೋಗುತ್ತದೆ. ಆದ್ದರಿಂದ ಮುಂದಿನ ಸಭೆಗೆ ನೀವೂ ಹೋಗಿ, ನೆರೆಮನೆಯವರನ್ನೂ ಕರೆದುಕೊಂಡು ಹೋಗಿ. ತೀರ್ಮಾನಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ.