ಬಿಸಿಲು ಮರಳದು, ಸಾರ ಮರಳೀತು

ಮಂಠಾಳದ ಹೊಲದ ಜೋಳದ ರೊಟ್ಟಿಯನ್ನು ನೀವು ಮುರಿಯುವಾಗ ಎರಡು ವಸ್ತುಗಳು ಕೈಗೆ ಬರುತ್ತವೆ: ಬಿಸಿಲಿನ ಶಕ್ತಿ, ಮಣ್ಣಿನ ಸಾರ. ಇವೆರಡರ ದಾರಿ ಬೇರೆ.

ಶಕ್ತಿಯದು ಒಮ್ಮುಖದ ಪಯಣ. ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟನ್ನು ಬೆಳೆಯು ಕೂಡಿಡುತ್ತದೆ. ಕಣಿಕೆ ತಿಂದ ಎತ್ತು ಅದನ್ನು ದುಡಿಮೆಯಲ್ಲಿಯೂ ಮೈಶಾಖದಲ್ಲಿಯೂ ಕಳೆಯುತ್ತದೆ. ಹೋದ ಶಾಖ ಮತ್ತೆ ತೆನೆಯಾಗದು. ಸೂರ್ಯನೇ ದಿನವೂ ಹೊಸದನ್ನು ಕೊಡಬೇಕು.

ಸಾರದ ಮಾತು ಹಾಗಲ್ಲ. ಸಗಣಿಯು ತಿಪ್ಪೆಯಲ್ಲಿ ಕೊಳೆತು, ಸೂಕ್ಷ್ಮಜೀವಿಗಳಿಂದ ಬಿಡಿಬಿಡಿಯಾಗಿ, ಮರಳಿ ಬೇರನ್ನು ಸೇರುತ್ತದೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಜೋಳವು ಅದನ್ನು ನೇರವಾಗಿ ಉಣ್ಣಲಾರದು. ತೊಗರಿಯ ಬೇರುಗಂಟುಗಳಲ್ಲಿರುವ ಜೀವಾಣುಗಳು ಅದನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಉದುರಿದ ಎಲೆ, ಉಳಿದ ಬೇರುಗಳ ಮೂಲಕ ಮುಂದಿನ ಬೆಳೆಗೂ ಒಂದಿಷ್ಟು ದೊರೆಯುತ್ತದೆ. ಅದೇ ಸಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಸಾರಜನಕವು ಹೊಗೆಯೊಡನೆ ಹೋಗಿ, ಪೊಟ್ಯಾಷ್, ರಂಜಕಗಳು ಬೂದಿಯಲ್ಲಿ ಉಳಿಯುತ್ತವೆ.

ಪೇಟೆಯಲ್ಲಿರುವ ನಮಗೂ ಇದರಲ್ಲಿ ಪಾಲುಂಟು. ಹೊಲದಿಂದ ಬಂದ ಪ್ರತಿಯೊಂದು ಚೀಲದೊಡನೆ ಮಣ್ಣಿನ ಸಾರವೂ ಬಂದಿರುತ್ತದೆ. ನಮ್ಮಿಂದ ಅದು ಚರಂಡಿಯ ಪಾಲಾದರೆ ಹೊಲದ ಲೆಕ್ಕದಲ್ಲಿ ಸಾಲವೇ ಉಳಿಯಿತು. ಇಂದು ಕಾಯಿಪಲ್ಯದ ಸಿಪ್ಪೆಯನ್ನು ಬೀದಿಗೆ ಎಸೆಯುವ ಮೊದಲು ಹಿತ್ತಲಿನಲ್ಲೊಂದು ಗುಂಡಿ ತೋಡಿರಿ. ಬಿಸಿಲನ್ನು ನಾವು ಹಿಂದಿರುಗಿಸಲಾರೆವು. ಮಣ್ಣಿನದನ್ನು ಮಣ್ಣಿಗೆ ಕೊಡಬಲ್ಲೆವು.