ಹುಟ್ಟಿದಾಗ ಮಗು ಅಳಲಿಲ್ಲವೇ? ಡಾಕ್ಟರಿಗೆ ಹೇಳಿ

ಮೂರನೇ ಕ್ಲಾಸಿನ ಹುಡುಗ. ಕೊತ್ತಂಬರಿ, ಕರಿಬೇವು ತಾ ಅಂತ ಕಳಿಸಿದರೆ ಅರ್ಧ ದಾರಿಯಿಂದ ವಾಪಸ್ ಬಂದು "ಏನು ತರಾಕ ಹೇಳಿದ್ದೆಮ್ಮಾ?" ಅಂತಾನೆ. ಬೆಳಿಗ್ಗೆ ಕಲಿತ ಮಗ್ಗಿ ಸಂಜೆಗೆ ಮರೆತುಹೋಗಿರುತ್ತದೆ. ಕೂತಲ್ಲಿ ಕೂರುವುದಿಲ್ಲ, ಸಣ್ಣದಕ್ಕೂ ಸಿಟ್ಟು. ಬಳ್ಳಾರಿಯಲ್ಲಿ ನಮ್ಮ ಪಕ್ಕದ ಬೀದಿಯ ಗೆಳತಿಯ ಮಗ ಇವನು. ಟೀಚರು ಡೈರಿಯಲ್ಲಿ 'ಗಮನ ಇಲ್ಲ' ಎಂದು ಬರೆದರು, ಅಪ್ಪ ಬಾರಿಸಿದ. ಕುರುಗೋಡಿನ ಅಜ್ಜಿ ದೊಡ್ಡಬಸವೇಶ್ವರನಿಗೆ ಹರಕೆ ಹೊತ್ತು, "ತವರಿನೋರ ಮುದ್ದು ಜಾಸ್ತಿ ಆತು" ಎಂದು ಸೊಸೆಯನ್ನೇ ಅಂದರು.

ಕೊನೆಗೆ ಮಕ್ಕಳ ಡಾಕ್ಟರ ಹತ್ತಿರ ಹೋದರೆ ಅವರು ಮೊದಲು ಕೇಳಿದ್ದು, "ಹುಟ್ಟಿದ ಕೂಡ್ಲೆ ಅತ್ತಿದ್ನೇನಮ್ಮಾ?" ಗೆಳತಿ ಗಂಡನ ಮುಖ ನೋಡಿ ಸುಮ್ಮನಾದಳು. ಚೊಚ್ಚಲ ಹೆರಿಗೆ ಸಿರುಗುಪ್ಪದ ತವರಿನಲ್ಲಾಗಿತ್ತು. ನೋವು ಬಹಳ ಹೊತ್ತು ಎಳೆದಿತ್ತು. ಮಗು ಅಳಲಿಲ್ಲ, ನೀಲಿಗಟ್ಟಿತ್ತು, ಮರುದಿನ ಫಿಟ್ಸ್ ಬಂತು. ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದಕ್ಕೆ ಗಂಡನ ಮನೆಯವರಿಗೆ 'ಕಾಮಾಲೆ' ಅಂದಿದ್ದರು. ಡಿಸ್ಚಾರ್ಜ್ ಕಾರ್ಡು ಎಂಟು ವರ್ಷ ಸಿರುಗುಪ್ಪದ ಬೀರುವಿನಲ್ಲೇ ಉಳಿಯಿತು.

ಹೆರಿಗೆ ಹೊತ್ತಿನಲ್ಲಿ ಆಮ್ಲಜನಕ ಸಾಲದಾದರೆ ಹೆಚ್ಚು ಪೆಟ್ಟು ಬೀಳುವುದು ಮಿದುಳಿಗೆ. ಕೈಕಾಲು ಸೆಟೆಯುವ ಸೆರೆಬ್ರಲ್ ಪಾಲ್ಸಿಯ ವಿಚಾರ ಬಹಳ ಜನರಿಗೆ ಗೊತ್ತು. ಚೆನ್ನಾಗಿ ಓಡಾಡುವ, ಮಾತಾಡುವ ಮಗುವಿನಲ್ಲೂ ಆ ಪೆಟ್ಟಿನ ಗುರುತು ಉಳಿದಿರಬಹುದು ಅನ್ನುವುದೇ ನಮಗೆ ತಿಳಿಯದ್ದು. ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗ ಈ ಕೊರತೆಗೆ ಬೇಗ ಸೋಲುತ್ತದೆ. ಗಮನ ನಿಲ್ಲದಿರುವುದು, ಸಿಟ್ಟು, ಓರಗೆಯವರ ಜೊತೆ ಹೊಂದದಿರುವುದೂ ಕಾಣಿಸಬಹುದು. ಎರಡು ವರ್ಷದ ಮಗುವನ್ನು ಯಾರು ಮಗ್ಗಿ ಕೇಳ್ತಾರೆ ಹೇಳಿ! ಶಾಲೆಯಲ್ಲಿ ಕೂತು ಕೇಳಿ ನೆನಪಿಡುವ ಕೆಲಸ ಬಿದ್ದ ಮೇಲೇ ಇದು ಕಣ್ಣಿಗೆ ಬೀಳೋದು.

ಹಾಗಂತ ತುಂಟ ಮಕ್ಕಳಿಗೆಲ್ಲ ಇದೇ ಕಾರಣ ಅಂದ್ಕೋಬೇಡಿ. ಚಂಚಲತೆಗೆ ಬೇರೆ ಕಾರಣಗಳೇ ಹೆಚ್ಚು. ಸ್ವಲ್ಪ ತಡವಾಗಿ ಅತ್ತ ಬಹುಪಾಲು ಮಕ್ಕಳು ಆರಾಮಾಗಿ ಬೆಳೆಯುತ್ತವೆ. ಮೊದಲ ದಿನಗಳಲ್ಲಿ ಫಿಟ್ಸ್ ಬಂದಿತ್ತೇ, ಮಗು ಮಂಕಾಗಿತ್ತೇ, ಹಾಲು ಚೀಪುತ್ತಿತ್ತೇ ಎಂಬುದು ಡಾಕ್ಟರಿಗೆ ಮುಖ್ಯ. ಕಾರ್ಡಿನಲ್ಲಿ 'ಅಪ್ಗಾರ್' ಎಂದು ಹತ್ತಕ್ಕೆ ಇಷ್ಟು ಅಂತ ಅಂಕ ಬರೆದಿರುತ್ತಾರೆ. ಅಮೆರಿಕದ ಡಾ. ವರ್ಜೀನಿಯಾ ಅಪ್ಗಾರ್ 1952ರಲ್ಲಿ ರೂಪಿಸಿದ ಲೆಕ್ಕ ಅದು. ಹುಟ್ಟಿದ 1ನೇ ನಿಮಿಷಕ್ಕೊಮ್ಮೆ, 5ನೇ ನಿಮಿಷಕ್ಕೊಮ್ಮೆ ಹಾಕುತ್ತಾರೆ. ಮೊದಲನೆಯದು ಕಡಿಮೆಯಿದ್ದ ಮಾತ್ರಕ್ಕೆ ಗಾಬರಿ ಬೇಡ.

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ, ಮಗು ಬೆಳೆಯೋದು ಇನ್ನೊಂದೂರಲ್ಲಿ. ಕಾಗದಪತ್ರ ಮಾತ್ರ ತವರಲ್ಲೇ ಉಳಿಯುತ್ತದೆ. ಮುಂದಿನ ಸಲ ಹಬ್ಬಕ್ಕೆ ಹೋದಾಗ ಹುಡುಕಿ ತನ್ನಿ, ಜೆರಾಕ್ಸ್ ಮಾಡಿಸಿಡಿ. ಹೊಕ್ಕುಳಬಳ್ಳಿ ಒತ್ತಿಕೊಂಡೋ, ಮಾಸು ಮೊದಲೇ ಬಿಟ್ಟೋ ಹೀಗಾಗುತ್ತದೆ. ಅದರಲ್ಲಿ ಮುಚ್ಚಿಡುವಂಥ ತಪ್ಪು ತಾಯಿಯದೇನಿದೆ?

ತೋರಿಸಲು, ನಾವೆಲ್ಲ ಇನ್ನೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗವಿದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಸರ್ಕಾರಿ ಶಾಲೆಗಳಿಗೆ ತಪಾಸಣೆಗೆ ಬರುವ ತಂಡಕ್ಕೂ ಹೇಳಬಹುದು. ನಡವಳಿಕೆ, ಕಲಿಕೆಯ ಪರೀಕ್ಷೆಗೆ ಬೆಂಗಳೂರಿನ ನಿಮ್ಹಾನ್ಸ್, ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ. ಕಲಿಕೆಯ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ. ಪ್ರಮಾಣಪತ್ರವಿದ್ದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯವನ್ನೂ ಕೇಳಬಹುದು.

ಮನೆಯಲ್ಲಿ ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಊಟ, ಓದು, ನಿದ್ದೆ ದಿನಾ ಅದೇ ಹೊತ್ತಿಗಿರಲಿ. ಹೊಡೆದರೆ ಮರೆವು ಹೋಗೋಲ್ಲ, ಮಗುವಿಗೆ ಹೆದರಿಕೆಯೊಂದು ಹೆಚ್ಚಾಗುತ್ತದೆ ಅಷ್ಟೆ. ಗೆಳತಿ ಈಗ ಮಗನ ಜೇಬಿಗೆ ಚೀಟಿ ಹಾಕಿ ಅಂಗಡಿಗೆ ಕಳಿಸುತ್ತಾಳೆ. ಮೊನ್ನೆ ಕೊತ್ತಂಬರಿಯೂ ಬಂತು, ಕರಿಬೇವೂ ಬಂತು. ಚಿಲ್ಲರೆ ಅಂಗಡಿಯಲ್ಲೇ ಉಳಿದಿತ್ತು, ಅವರಪ್ಪನೇ ಹೋಗಿ ಇಸ್ಕೊಂಡು ಬಂದರು.